ಬರೀ ಬಿಸಿನೀರಿನಿಂದ ಹುಲ್ಲು, ಕಡ್ಡಿ ಬಿಡಿಸುವುದು ಹೇಗೆ?

ಒಣಹುಲ್ಲು, ಜೋಳದ ದಂಟು, ಕಬ್ಬಿನ ಸಿಪ್ಪೆ, ಮರದ ಪುಡಿ ಎಲ್ಲದರಲ್ಲೂ ಸಕ್ಕರೆ ಅಡಗಿದೆ. ಸುಮ್ನೆ ಕೈಗೆ ಸಿಗುವುದಿಲ್ಲ ಅಷ್ಟೇ. ಗ್ಲೂಕೋಸ್ ಸರಪಳಿಗಳಾದ ಸೆಲ್ಯುಲೋಸ್ ನಾರುಗಳ ನಡುವೆ ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆ ಸರಪಳಿ ಹೆಣೆದುಕೊಂಡಿರುತ್ತದೆ, ಲಿಗ್ನಿನ್ ಎಂಬ ಅಂಟಿನಂಥ ವಸ್ತು ಎರಡನ್ನೂ ಬಿಗಿದಿಟ್ಟಿರುತ್ತದೆ. ಈ ಗಂಟು ಸಡಿಲಿಸಲು ಆಮ್ಲವೋ ಕ್ಷಾರವೋ ಹಾಕುವವರು ಜಾಸ್ತಿ. ಬರೀ ನೀರೂ ಈ ಕೆಲಸ ಮಾಡುತ್ತದೆ. ಆದರೆ ನೀರು 160ರಿಂದ 230 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಆವಿಯಾಗದಂತೆ ಒತ್ತಡದಲ್ಲಿ ಹಿಡಿದಿಡಬೇಕು.

ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಕುಕ್ಕರ್ ಮುಟ್ಟುವುದೇ ಸುಮಾರು 120 ಡಿಗ್ರಿ. 200 ಡಿಗ್ರಿಯಲ್ಲಿ ಒತ್ತಡ 15 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ) ದಾಟುತ್ತದೆ. ಸೇಫ್ಟಿ ವಾಲ್ವ್, ಗೇಜ್ ಇರುವ ಸ್ಟೀಲ್ ರಿಯಾಕ್ಟರ್, ಅದನ್ನು ಬಲ್ಲವರು ಇರುವ ಲ್ಯಾಬ್ ಬೇಕೇ ಬೇಕು.

ಮೊದಲು ಹುಲ್ಲನ್ನು ಒಣಗಿಸಿ, ಸಣ್ಣಗೆ ಕತ್ತರಿಸಿ. ತೂಕದಲ್ಲಿ ಒಂದು ಪಾಲು ಒಣಹುಲ್ಲಿಗೆ ಹತ್ತು ಪಾಲು ನೀರು ಹಾಕಿ, ಚೆನ್ನಾಗಿ ನೆನೆಯಲು ಬಿಡಿ. ಒಳಗೆ ಒಣಗಿಯೇ ಉಳಿದ ಚೂರು ಸರಿಯಾಗಿ ಬೇಯುವುದಿಲ್ಲ.

ರಿಯಾಕ್ಟರನ್ನು ತುಂಬ ತುಂಬಿಸಬೇಡಿ. 200 ಡಿಗ್ರಿಗೆ ಬರುವಷ್ಟರಲ್ಲಿ ನೀರು ಸುಮಾರು ಶೇ 15ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಒತ್ತಡ ಒಮ್ಮೆಲೇ ಏರಿ ಅಪಾಯವಾಗುತ್ತದೆ. ಮೂರನೇ ಒಂದು ಭಾಗ ಖಾಲಿ ಇರಲಿ.

ಈಗ ಬಿಸಿ ಮಾಡಿ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಈ ಹಂತ, ಯಾಕೆಂದರೆ ಬೇಕಾದ ಆಮ್ಲವನ್ನು ಹುಲ್ಲೇ ತಯಾರಿಸಿಕೊಳ್ಳುತ್ತದೆ. ಹೆಮಿಸೆಲ್ಯುಲೋಸಿಗೆ ಅಂಟಿಕೊಂಡ ಅಸಿಟೈಲ್ ಗುಂಪುಗಳು ಕಳಚಿ ಅಸಿಟಿಕ್ ಆಮ್ಲವಾಗುತ್ತವೆ. ನೀರಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸಿಗೆ ಇಳಿಯುತ್ತದೆ. ಆ ಆಮ್ಲ ಉಳಿದ ಹೆಮಿಸೆಲ್ಯುಲೋಸನ್ನು ತುಂಡರಿಸಿ ನೀರಿಗೆ ಬಿಡುತ್ತದೆ. ಲಿಗ್ನಿನ್ ಮೆತ್ತಗಾಗಿ ಜಾಗ ಬದಲಿಸುತ್ತದೆ. ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಾರಿನ ಮೇಲೆ ಪುಟ್ಟ ಪುಟ್ಟ ಹನಿಗಳಾಗಿ ಕೂತಿರುವುದು ಕಾಣುತ್ತದೆ. ಸೆಲ್ಯುಲೋಸ್ ಮಾತ್ರ ಬಹುಪಾಲು ಗಟ್ಟಿಯಾಗಿಯೇ ಉಳಿಯುತ್ತದೆ.

ಎಷ್ಟು ಹೊತ್ತು? ಶುರುವಿಗೆ 190 ಡಿಗ್ರಿಯಲ್ಲಿ 15 ನಿಮಿಷ ಇಡಿ. ಒಂದು ಅಂದಾಜು ಲೆಕ್ಕ ಇದೆ: 10 ಡಿಗ್ರಿ ಏರಿಸಿದರೆ ಸಮಯ ಅರ್ಧಕ್ಕೆ ಇಳಿಸಬಹುದು. 1987ರಲ್ಲಿ ಓವರೆಂಡ್ ಮತ್ತು ಶೋರ್ನೆ ಎಂಬ ಸಂಶೋಧಕರು ಬರೆದ ಸೂತ್ರದಿಂದ ಬಂದದ್ದು ಇದು. ನಿಲ್ಲಿಸುವ ಹೊತ್ತು ತಪ್ಪಿದರೆ ಕಷ್ಟ. ಹೆಚ್ಚು ಬೆಂದರೆ ಬಿಡಿಸಿಕೊಂಡ ಸಕ್ಕರೆಯೇ ಫರ್ಫುರಾಲ್ ಆಗಿಬಿಡುತ್ತದೆ. ಸಕ್ಕರೆಯನ್ನು ಮುಂದೆ ಹುದುಗಿಸಬೇಕಾದ ಯೀಸ್ಟಿಗೆ ಅದು ವಿಷ. ಕಡಿಮೆ ಬೆಂದರೆ ಇನ್ನೊಮ್ಮೆ ಬೇಯಿಸಬಹುದು, ಹಾಳಾದ ಸಕ್ಕರೆ ವಾಪಸ್ ಬರುವುದಿಲ್ಲ ಅಲ್ವಾ? ಹಾಗಾಗಿ ಕಡಿಮೆಯಿಂದಲೇ ಶುರು ಮಾಡುವುದು ವಾಸಿ.

ಸಮಯ ಮುಗಿದ ಕೂಡಲೇ ರಿಯಾಕ್ಟರನ್ನು ತಣಿಸಿ. ಗೇಜ್ ಸೊನ್ನೆಗೆ ಬಂದು, ಒಳಗಿನ ಬಿಸಿ 50 ಡಿಗ್ರಿಗಿಂತ ಕೆಳಗಿಳಿದ ಮೇಲಷ್ಟೇ ಮುಚ್ಚಳ ತೆರೆಯಿರಿ.

ಸೋಸಿದರೆ ಕಂದು ನೀರು ಒಂದು ಕಡೆ, ಕಪ್ಪಗಾದ ನಾರು ಇನ್ನೊಂದು ಕಡೆ. ನೀರಿನಲ್ಲಿ ಹೆಮಿಸೆಲ್ಯುಲೋಸಿನಿಂದ ಬಂದ ಕ್ಸೈಲೋಸ್ ಎಂಬ ಸಕ್ಕರೆಯ ಸರಪಳಿಗಳಿರುತ್ತವೆ, ಚೆಲ್ಲಬೇಡಿ. ನಾರನ್ನು ತೊಳೆದು, ಪಿಎಚ್ 5ರಲ್ಲಿ, 50 ಡಿಗ್ರಿ ಬಿಸಿಯಲ್ಲಿ, ಸೆಲ್ಯುಲೋಸನ್ನು ಗ್ಲೂಕೋಸಾಗಿ ಒಡೆಯುವ ಸೆಲ್ಯುಲೇಸ್ ಕಿಣ್ವ ಹಾಕಿಡಿ. ಎರಡು ಮೂರು ದಿನ ಬಿಟ್ಟು ಗ್ಲೂಕೋಸ್ ಅಳೆಯಿರಿ. ತೀರಾ ಕಡಿಮೆ ಬಂದಿದ್ದರೆ ಮುಂದಿನ ಸಲ ಸಮಯ ಹಾಗೇ ಇರಲಿ, ಬಿಸಿಯನ್ನು ಮಾತ್ರ 10 ಡಿಗ್ರಿ ಏರಿಸಿ ನೋಡಿ.