ಟಿಎಂಟಿ ಕಂಬಿಯ ಎಳೆತ ಪರೀಕ್ಷೆ: 12 ಮಿ.ಮೀ. ತುಂಡೊಂದನ್ನು ಪರೀಕ್ಷಿಸುವ ಕ್ರಮ

ಕಾಮಗಾರಿಗೆ ಬಂದ ಟಿಎಂಟಿ ಕಂಬಿಯ, ಅಂದರೆ ಕಾಂಕ್ರೀಟಿನೊಳಗೆ ಹಾಕುವ ಉಕ್ಕಿನ ಕಂಬಿಯ, ಬಲವನ್ನು ಪ್ರಯೋಗಾಲಯದಲ್ಲಿ ಯುಟಿಎಂ (ಎಳೆಯುತ್ತ ಭಾರ ಅಳೆಯುವ) ಯಂತ್ರಕ್ಕೆ ಸಿಕ್ಕಿಸಿ, ತುಂಡಾಗುವವರೆಗೆ ಎಳೆದು ಅಳೆಯುತ್ತಾರೆ. ಎಳೆಯುವ ಕೆಲಸ ಕೆಲವೇ ನಿಮಿಷಗಳದ್ದು; ವರದಿ ಕೆಡುವುದು ಬಹುಮಟ್ಟಿಗೆ ಅದಕ್ಕೂ ಮೊದಲು, ತೂಕ ಮಾಡುವಾಗ ಮತ್ತು ಗುರುತು ಹಾಕುವಾಗ.

ಸುಮಾರು 600 ಮಿ.ಮೀ. ಉದ್ದದ ನೇರವಾದ ತುಂಡನ್ನು ಗರಗಸದಿಂದ ಕತ್ತರಿಸಿಕೊಳ್ಳಬೇಕು. ಗ್ಯಾಸ್ ಕಟಿಂಗ್ ಸಲ್ಲದು, ಲೇತ್‌ನಲ್ಲಿ ಹೊರಮೈ ನುಣುಪು ಮಾಡುವುದಂತೂ ಕೂಡದು; ಕಾದ ಕಂಬಿಗೆ ನೀರು ಹಾಯಿಸಿ ತಣಿಸಿದಾಗ ಮೂಡಿದ ಗಟ್ಟಿ ಹೊರಪದರವೇ ಟಿಎಂಟಿಯ ಬಲದ ದೊಡ್ಡ ಪಾಲಾದ್ದರಿಂದ, ಅದನ್ನು ಕೆರೆದು ಪರೀಕ್ಷಿಸಿದರೆ ಬೇರೊಂದು ಉಕ್ಕನ್ನೇ ಪರೀಕ್ಷಿಸಿದಂತಾಗುತ್ತದೆ.

ಕಂಬಿಯ ಮೈಮೇಲೆ ಏಣುಗಳಿರುವುದರಿಂದ ಅದರ ಅಡ್ಡಕೊಯ್ತದ ವಿಸ್ತೀರ್ಣ ವರ್ನಿಯರ್‌ಗೆ ಸಿಗುವುದಿಲ್ಲ. ಆದಕಾರಣ ತುಂಡನ್ನು ತೂಗಿ, ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಉದ್ದ ಮತ್ತು 0.00785ರ (ಉಕ್ಕಿನ ಸಾಂದ್ರತೆಯಿಂದ ಬಂದ ಸಂಖ್ಯೆ) ಗುಣಲಬ್ಧದಿಂದ ಭಾಗಿಸಬೇಕು. 600 ಮಿ.ಮೀ. ತುಂಡು 0.525 ಕಿ.ಗ್ರಾಂ. ತೂಗಿತೆಂದುಕೊಳ್ಳಿ, ವಿಸ್ತೀರ್ಣ 111.5 ಚದರ ಮಿ.ಮೀ. ಆಗುತ್ತದೆ. ಇಲ್ಲಿ 12 ಮಿ.ಮೀ. ವ್ಯಾಸಕ್ಕೆ ಪುಸ್ತಕ ಕೊಡುವ 113.1 ಎಂಬ ಅಂಕಿಯನ್ನೇ ಬರೆದುಬಿಡುವ ಆತುರ ಬೇಡ. ಮೀಟರಿಗೆ 0.888 ಕಿ.ಗ್ರಾಂ. ಇರಬೇಕಾದ ಕಂಬಿ 0.875 ಮಾತ್ರ ಇದೆ ಎಂಬ ಸಂಗತಿಯೂ ಈ ತೂಕದಿಂದಲೇ ತಿಳಿಯುತ್ತದೆ.

ಗೇಜ್ ಉದ್ದ, ಅಂದರೆ ಹಿಗ್ಗುವಿಕೆ ಅಳೆಯಲು ಗುರುತು ಹಾಕುವ ಉದ್ದ, ವ್ಯಾಸದ ಐದರಷ್ಟು, ಅಂದರೆ 60 ಮಿ.ಮೀ. ಕಂಬಿ ಎಲ್ಲಿ ತುಂಡಾಗುವುದೋ ಮೊದಲೇ ಹೇಳಲಾಗದು. ಹಾಗಾಗಿ ನಡುವೆ ಎರಡೇ ಗುರುತು ಹಾಕಿ ಸುಮ್ಮನಾಗದೆ, ಹಿಡಿಕೆಗಳ ನಡುವಿನ ಉದ್ದಕ್ಕೂ 10 ಮಿ.ಮೀ.ಗೊಂದು ಸಣ್ಣ ಗುರುತು ಹಾಕುವುದು ಜಾಣತನ.

ತುಂಡನ್ನು ಯಂತ್ರದ ಅಕ್ಷಕ್ಕೆ ನೇರವಾಗಿ ಹಿಡಿಸಿ, ಎಕ್ಸ್‌ಟೆನ್ಸೋಮೀಟರ್ (ಹಿಗ್ಗುವಿಕೆ ಅಳೆಯುವ ಸಾಧನ) ಕೂರಿಸಿ, ಸೆಕೆಂಡಿಗೆ 6ರಿಂದ 60 ಮೆಗಾಪ್ಯಾಸ್ಕಲ್ (ಚದರ ಮಿ.ಮೀ.ಗೆ ಒಂದು ನ್ಯೂಟನ್) ಮಿತಿಯೊಳಗೆ ಭಾರ ಏರಿಸಬೇಕು. ಯೀಲ್ಡ್ ಬಿಂದು, ಅಂದರೆ ಕಂಬಿ ಮರಳಿ ಮೊದಲಿನ ಉದ್ದಕ್ಕೆ ಬಾರದಂತೆ ಹಿಗ್ಗತೊಡಗುವ ಹಂತ, ಸ್ಪಷ್ಟವಾಗಿ ಕಾಣದಿದ್ದರೆ, ಭಾರ-ಹಿಗ್ಗುವಿಕೆಯ ನಕ್ಷೆಯಲ್ಲಿ ಶೇ. 0.2 ಹಿಗ್ಗುವಿಕೆಯಿಂದ ಆರಂಭದ ಸರಳರೇಖೆಗೆ ಸಮಾಂತರವಾಗಿ ಎಳೆದ ಗೆರೆ ವಕ್ರರೇಖೆಯನ್ನು ಸಂಧಿಸುವ ಭಾರವನ್ನು ತೆಗೆದುಕೊಳ್ಳುತ್ತಾರೆ. ತುಂಡಾಗುವ ರಭಸ ತಾಳದ ಎಕ್ಸ್‌ಟೆನ್ಸೋಮೀಟರ್ ಆಗಿದ್ದರೆ ಅದನ್ನು ಮುಂಚೆಯೇ ಕಳಚಬೇಕು.

ಯೀಲ್ಡ್ ಭಾರ 59.6 ಕಿಲೋನ್ಯೂಟನ್, ಗರಿಷ್ಠ ಭಾರ 69.1 ಎಂದಾದರೆ, ಅವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಬಲಗಳು ಕ್ರಮವಾಗಿ ಸುಮಾರು 535 ಮತ್ತು 620 ಮೆಗಾಪ್ಯಾಸ್ಕಲ್. ಮುರಿದ ತುದಿಗಳನ್ನು ಒತ್ತಿ ಜೋಡಿಸಿ ಅಳೆದಾಗ 60 ಮಿ.ಮೀ. 71 ಆಗಿದ್ದರೆ ಹಿಗ್ಗುವಿಕೆ ಶೇ. 18.3. ಐಎಸ್ 1786:2008 ಎಂಬ ಭಾರತೀಯ ಮಾನಕದ ಪ್ರಕಾರ ಎಫ್‌ಇ 500ಡಿ ದರ್ಜೆಯ ಕಂಬಿಗೆ ಕನಿಷ್ಠ 500 ಮೆಗಾಪ್ಯಾಸ್ಕಲ್ ಯೀಲ್ಡ್ ಬಲ, 565 ಮೆಗಾಪ್ಯಾಸ್ಕಲ್ ಗರಿಷ್ಠ ಬಲ, ಶೇ. 16 ಹಿಗ್ಗುವಿಕೆ ಬೇಕು. ಜೊತೆಗೆ ಗರಿಷ್ಠ ಬಲವು ಅಳೆದ ಯೀಲ್ಡ್ ಬಲಕ್ಕಿಂತ ಶೇ. 10ರಷ್ಟಾದರೂ ಹೆಚ್ಚಿರಬೇಕು. ಈ ಕಡೆಯ ಷರತ್ತನ್ನು ಹಲವರು ನೋಡುವುದೇ ಇಲ್ಲ. ಯೀಲ್ಡ್ 600 ಬಂತೆಂದು ಹಿಗ್ಗುವ ಗುತ್ತಿಗೆದಾರನಿಗೆ, ಗರಿಷ್ಠ ಬಲ 640ರಲ್ಲೇ ನಿಂತರೆ ಆ ಕಂಬಿ ಅನುತ್ತೀರ್ಣವೆಂದು ತಿಳಿಸಬೇಕಾಗುತ್ತದೆ.

ಕಂಬಿ ಹಿಡಿಕೆಯೊಳಗೇ ತುಂಡಾಗಿ ಹಿಗ್ಗುವಿಕೆ ಕಡಿಮೆ ಬಂದಿದ್ದರೆ ಆ ಅಂಕಿಯನ್ನು ಬಿಟ್ಟು, ಅದೇ ಕಂಬಿಯ ಇನ್ನೊಂದು ತುಂಡಿನ ಪರೀಕ್ಷೆಯನ್ನು ತೂಕದಿಂದಲೇ ಮತ್ತೆ ಆರಂಭಿಸಬೇಕು.