ಕಾವಿಗೆ ಕೂರುವ ಹೇಟೆಗಾಗಿ

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ಅಜ್ಜಿಯ ಕಾಲದಿಂದಲೂ ಮನೆ ಹಿಂದೆ ನಾಟಿಕೋಳಿ ಇದ್ದವು. ಅದರಲ್ಲಿ ಅರ್ಧದಷ್ಟು ಬೋಳುಕತ್ತಿನವು. 8 ವರ್ಷದ ಹಿಂದೆ, ಮೊಟ್ಟೆ ಜಾಸ್ತಿ ಸಿಗಲಿ ಅಂತ ನಾನೊಂದು ಗಿರಿರಾಜ ಹುಂಜ ತಂದು ಬಿಟ್ಟೆ. ಮರಿಗಳು ದಪ್ಪಗೆ ಬೆಳೆದವು, ಮೊಟ್ಟೆಯೂ ಹೆಚ್ಚಾಯಿತು. ಎರಡನೇ ವರ್ಷ ನೋಡಿದರೆ, ಆ ಹುಂಜನಿಗೆ ಹುಟ್ಟಿದ ಹೇಟೆಗಳಲ್ಲಿ ಹೆಚ್ಚಿನವು ಕಾವಿಗೆ ಕೂರುತ್ತಲೇ ಇಲ್ಲ. ಮೊಟ್ಟೆ ಇಟ್ಟು ಎದ್ದು ಹೋಗುತ್ತವೆ, ಅಷ್ಟೇ. ಗಿರಿರಾಜ ಕೆಟ್ಟ ತಳಿಯಲ್ಲ, ಅದನ್ನು ರೂಪಿಸಿದ್ದೇ ಮೊಟ್ಟೆ, ಮಾಂಸಕ್ಕಾಗಿ. ಆದರೆ ಇನ್‌ಕ್ಯುಬೇಟರ್ ಇಲ್ಲದ ಮನೆಯಲ್ಲಿ ಹೇಟೆ ಕೂರದಿದ್ದರೆ ಮರಿ ಎಲ್ಲಿಂದ ಬರಬೇಕು?

ಹಳೆಯ ತಳಿ ಹುಡುಕಿಕೊಂಡು ಸೋದರತ್ತೆಯ ಮನೆಗೆ ಹೋದೆ. "ಮದುವೆಯಾದಾಗ ನಿಮ್ಮಜ್ಜಿ ಕೊಟ್ಟ ಕೋಳಿಯ ಸಂತಾನ ಕಣೋ ಇದು, ತಗೊಂಡು ಹೋಗು" ಅಂತ ಅತ್ತೆ 3 ಹೇಟೆ, 1 ಹುಂಜ ಕೊಟ್ಟರು. ಹುಂಜನ ಮೈಕಟ್ಟಿಗಿಂತ ಮೊದಲು ನಾನು ಕೇಳಿದ್ದು ಅದರ ತಾಯಿಯ ಬಗ್ಗೆ. ಹುಂಜ ಕಾವಿಗೆ ಕೂರುವುದಿಲ್ಲ ನಿಜ, ಆದರೆ ತಾಯಿಯ ಗುಣವನ್ನು ತನ್ನ ಹೆಣ್ಣುಮರಿಗಳಿಗೆ ದಾಟಿಸುತ್ತದೆ. ಇವತ್ತಿಗೂ ನಾನು ಹುಂಜ ಆರಿಸುವುದು ಹೀಗೆಯೇ. ಚೆನ್ನಾಗಿ ಮರಿ ಸಾಕಿದ ಹೇಟೆಯ ಕಾಲಿಗೆ ಕೆಂಪು ದಾರ ಕಟ್ಟುತ್ತೇನೆ, ಅದರ ಗಂಡುಮರಿಗೂ ಅದೇ ದಾರ.

ಗಿರಿರಾಜ ಹುಂಜವನ್ನು ಕಳಿಸಿದ ಮೇಲೆ 3 ವಾರ ಯಾವ ಮೊಟ್ಟೆಯನ್ನೂ ಕಾವಿಗೆ ಇಡಲಿಲ್ಲ. ಹುಂಜ ಹೋದರೂ ಅದರ ಬೀಜ ಹೇಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ತಳಿ ಬೆರಕೆ ಮಾಡಿಕೊಳ್ಳುತ್ತಾರೆ.

ಹೇಟೆ ಗೂಡಲ್ಲೇ ಕೂತು, ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಕೊರ್ ಅಂದರೆ ಕಾವು ಬಂದಿದೆ ಎಂದರ್ಥ. ಆದರೂ ತಕ್ಷಣ ಒಳ್ಳೆ ಮೊಟ್ಟೆ ಇಡಬೇಡಿ. ಎರಡು ಹಳೆ ಮೊಟ್ಟೆ ಇಟ್ಟು ಎರಡು ರಾತ್ರಿ ನೋಡುತ್ತೇನೆ. ಗಟ್ಟಿಯಾಗಿ ಕೂತರೆ, ಮೂರನೇ ದಿನ ಕತ್ತಲಾದ ಮೇಲೆ 10ರಿಂದ 12 ಮೊಟ್ಟೆ ಇಡುತ್ತೇನೆ. ಎಲ್ಲವೂ ಒಂದು ವಾರದ ಒಳಗಿನವು. ಮಂಕರಿಯ ತಳಕ್ಕೆ ಮರಳು, ಮೇಲೆ ಒಣಹುಲ್ಲು, ಅದರಡಿ ಹೇನಿಗೆಂದು ಬೇವಿನ ಸೊಪ್ಪು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಅಜ್ಜಿ ಒಂದು ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುತ್ತಿದ್ದರು. ನಾನೂ ಇಡುತ್ತೇನೆ, ಅವರ ಕೈ ನೆನಪಾಗುತ್ತದೆ.

7ನೇ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದರೆ ಜೇಡನ ಕಾಲಿನ ಹಾಗೆ ಕೆಂಪು ನರ ಕಾಣುತ್ತವೆ. ಏನೂ ಕಾಣದ್ದನ್ನು ತೆಗೆಯುತ್ತೇನೆ. ದಿನಕ್ಕೊಮ್ಮೆ ಹೇಟೆ ಎದ್ದು ಮೇದು, ನೀರು ಕುಡಿದು, ಬೂದಿಯಲ್ಲಿ ಹೊರಳಿ ವಾಪಸ್ ಬರುತ್ತದೆ. 21ನೇ ದಿನ ಮಂಕರಿಗೆ ಕಿವಿ ಕೊಟ್ಟರೆ ಒಳಗಿಂದ ಚಿಂವ್ ಅನ್ನುವುದು ಕೇಳುತ್ತದೆ. ಎಷ್ಟು ಸಲ ಕೇಳಿದ್ದರೂ ಆ ಹೊತ್ತು ನಾನು ಬೇರೆ ಕೆಲಸಕ್ಕೆ ಹೋಗುವುದಿಲ್ಲ.

ಮೊದಲ ಮಳೆಗಾಲ ಕೊಕ್ಕರೆ ರೋಗ (ರಾಣಿಖೇತ್) ಬಂದು, 40 ಕೋಳಿಯಲ್ಲಿ ಉಳಿದಿದ್ದು 9. ನಾಟಿಕೋಳಿ ಗಟ್ಟಿ, ಲಸಿಕೆ ಬೇಡ ಅಂದುಕೊಂಡಿದ್ದೆ. ತಪ್ಪು. ಈಗ ಮೊದಲ ವಾರದಲ್ಲೇ ಕಣ್ಣಿಗೆ ಒಂದು ಹನಿ ಲಸೋಟ ಲಸಿಕೆ, 8 ವಾರಕ್ಕೆ ಅದೇ ರೋಗದ ಆರ್‌ಟುಬಿ ಚುಚ್ಚುಮದ್ದು. ಒಂದು ಬಾಟಲಿಯಲ್ಲಿ ತುಂಬ ಡೋಸ್ ಇರುತ್ತವೆ, ಹಾಗಾಗಿ ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಹಾಕಿಸುತ್ತೇವೆ. ಮರಿಗಳಿಗೆ ರಾಗಿ, ನುಚ್ಚು. ಮಡಕೆಗೆ ಒದ್ದೆ ಸಗಣಿ, ತೆಂಗಿನ ನಾರು ತುಂಬಿ ತೋಟದಲ್ಲಿ ಮಗುಚಿಟ್ಟರೆ ಬೆಳಗ್ಗೆಗೆ ಗೆದ್ದಲು ಸಿಗುತ್ತದೆ.

ಬೋಳುಕತ್ತಿನ ಲೆಕ್ಕ ಅರ್ಥವಾಗಿದ್ದು ನಿಧಾನವಾಗಿ. ಕತ್ತಿನ ಮುಂದೆ ಪುಕ್ಕದ ಕುಚ್ಚು ಇದ್ದರೆ ಆ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದದ್ದು. ಕುಚ್ಚೂ ಇಲ್ಲದೆ ಪೂರ್ತಿ ಬೋಳಾಗಿದ್ದರೆ ಇಬ್ಬರಿಂದಲೂ ಬಂದದ್ದು. ಕುಚ್ಚಿನ ಜೋಡಿಗೆ ಹುಟ್ಟುವ ಮರಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಕತ್ತು ತುಂಬ ಪುಕ್ಕ ಬರುತ್ತದೆ. ಅವನ್ನು ನಾನು ತೆಗೆದುಹಾಕುವುದಿಲ್ಲ. ನನಗೆ ಕತ್ತಿಗಿಂತ ಕಾವು ಮುಖ್ಯ.

ಈಗ ನಮ್ಮಲ್ಲಿ 22 ಹೇಟೆ ಇವೆ, 17 ಕಾವಿಗೆ ಕೂತು ಮರಿ ಮಾಡಿವೆ. ಹೋದ ತಿಂಗಳು ಅತ್ತೆಯ ಮನೆಗೆ ಮುಂಗುಸಿ ನುಗ್ಗಿ ಅವರ ಹೇಟೆಗಳೆಲ್ಲ ಹೋದವು. ಕೆಂಪು ದಾರದ್ದೊಂದನ್ನು 9 ಮರಿಗಳ ಸಮೇತ ಮಂಕರಿಯಲ್ಲಿಟ್ಟು ಕೊಟ್ಟು ಬಂದೆ.