ಹೊಟ್ಟೆಹುಳ: ಮಾತ್ರೆ ನುಂಗುವ ಮೊದಲು, ನುಂಗಿದ ಮೇಲೆ

ಮಗು ರಾತ್ರಿ ಹಲ್ಲು ಕಡಿಯಿತು, ಕೆನ್ನೆಯ ಮೇಲೆ ಬಿಳಿ ಮಚ್ಚೆ ಎದ್ದಿತು ಅಂದರೆ ಸಾಕು, ಹೊಟ್ಟೆಹುಳ ಎಂದು ತೀರ್ಮಾನವಾಗಿಬಿಡುತ್ತದೆ. ಮೂಲೆಯ ಮೆಡಿಕಲ್‌ನಿಂದ ಒಂದು ಮಾತ್ರೆ ತಂದು ಆ ಮಗುವಿಗೆ ಮಾತ್ರ ಕೊಡುತ್ತಾರೆ. ತಿಂಗಳೊಳಗೆ ಮತ್ತೆ ತುರಿಕೆ. ಆಗ ಮಾತ್ರೆಯನ್ನು ಬೈದು ಬೇವಿನ ರಸಕ್ಕೆ ಮೊರೆಹೋಗುತ್ತಾರೆ. ಹಲ್ಲು ಕಡಿಯುವುದು ಹುಳವಿದೆ ಎಂದು ನಂಬಬಹುದಾದ ಗುರುತಲ್ಲ. ಕೆನ್ನೆಯ ಮಚ್ಚೆ ಹೆಚ್ಚಿನ ಸಲ ಒಣಚರ್ಮದ್ದು. ಸಿಹಿ ತಿಂದರೆ ಹುಳ ಹುಟ್ಟುವುದೂ ಇಲ್ಲ. ಸಾಮಾನ್ಯವಾಗಿ ಮೊಟ್ಟೆ ಬಾಯಿಗೆ ಹೋಗಬೇಕು, ಇಲ್ಲವೇ ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದು ಒಳಸೇರಬೇಕು.

ಹಂತ 1: ಯಾವುದೆಂದು ಊಹಿಸಿ

ಮಲಗಿದ ಮೇಲೆ ಗುದದ ಸುತ್ತ ತುರಿಕೆ, ನಿದ್ದೆಗೇಡು, ಹೆಣ್ಣುಮಕ್ಕಳಿಗೆ ಮುಂಭಾಗದಲ್ಲೂ ಉರಿ ಇದ್ದರೆ ಸೂಜಿಹುಳ. ಮುಂಬಯಿಯ ಖೋಲಿಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ನೆಲದ ಮೇಲೆ ಮಲಗುವುದರಿಂದ ಇದು ಒಬ್ಬರಲ್ಲಿ ನಿಲ್ಲುವುದಿಲ್ಲ. ಮಲದಲ್ಲಿ ಎರೆಹುಳದಂಥ, 15ರಿಂದ 35 ಸೆಂ.ಮೀ. ಉದ್ದದ ಹುಳ ಕಂಡರೆ ದುಂಡುಹುಳ. ಮೇ ರಜೆಗೆ ಊರಿಗೆ ಹೋಗಿ ಹೊಲದಲ್ಲಿ ಬರಿಗಾಲಲ್ಲಿ ಆಡಿ ಬಂದ ಮಗು ಬಿಳಿಚಿಕೊಂಡು ಸುಸ್ತಾಗಿದ್ದರೆ, ಮಣ್ಣು, ಬಳಪ ತಿನ್ನುತ್ತಿದ್ದರೆ, ರಕ್ತ ಪರೀಕ್ಷೆ ಮಾಡಿಸಿ, ಕೊಕ್ಕೆಹುಳವನ್ನೂ ಶಂಕಿಸಿ. ಅಕ್ಕಿಕಾಳಿನಂಥ ಚಪ್ಪಟೆ ತುಣುಕು ಬಂದರೆ ಲಾಡಿಹುಳ. ಜಿಡ್ಡುಜಿಡ್ಡಾದ, ಕೆಟ್ಟ ನಾತದ ಭೇದಿ, ಹೊಟ್ಟೆಯುಬ್ಬರ, ತೇಗು ಇದ್ದರೆ ಜಿಯಾರ್ಡಿಯಾ ಇರಬಹುದು. ಆಮ, ರಕ್ತ ಬಿದ್ದರೆ ಅಮೀಬಾ ಇರಬಹುದು. ಈ ಎರಡೂ ಹುಳಗಳೇ ಅಲ್ಲ, ಏಕಕೋಶ ಜೀವಿಗಳು. ಹುಳದ ಒಂದು ಮಾತ್ರೆಗೆ ಇವು ಹೋಗುವುದಿಲ್ಲ.

ಹಂತ 2: ಟೇಪ್ ಪರೀಕ್ಷೆ

ಜನ ಎಡವುವುದು ಇಲ್ಲೇ. ಸೂಜಿಹುಳ ಶಂಕೆಯಿದ್ದರೆ ಮಲ ಪರೀಕ್ಷೆಗೆ ದುಡ್ಡು ಹಾಕಬೇಡಿ. ಹೆಣ್ಣುಹುಳ ರಾತ್ರಿ ಹೊರಬಂದು ಗುದದ ಮಡಿಕೆಗಳಲ್ಲಿ ಮೊಟ್ಟೆಯಿಡುತ್ತದೆ, ಮಲದಲ್ಲಿ ಅದು ಸಿಗುವುದೇ ಅಪರೂಪ. ಮಗು ನಿದ್ದೆಹೋದ ಎರಡು-ಮೂರು ತಾಸಿನ ಮೇಲೆ ಟಾರ್ಚ್ ಹಿಡಿದು ನೋಡಿ. ಸುಮಾರು ಒಂದು ಸೆಂ.ಮೀ. ಉದ್ದದ ಬಿಳಿ ಎಳೆ ಹೊರಳಾಡುತ್ತಿದ್ದರೆ ಬೇರೆ ಪರೀಕ್ಷೆ ಬೇಡ.

ಕಾಣದಿದ್ದರೆ ಬೆಳಿಗ್ಗೆ ಟೇಪ್ ತೆಗೆದುಕೊಳ್ಳಿ. ಗಾಜಿನಂತೆ ಪಾರದರ್ಶಕವಾದ ಸೆಲೋಟೇಪೇ ಆಗಬೇಕು. ಮಬ್ಬು ಟೇಪಿನಲ್ಲಿ ಸೂಕ್ಷ್ಮದರ್ಶಕದಡಿ ಮೊಟ್ಟೆ ಕಾಣುವುದಿಲ್ಲ, ಪಾರ್ಸೆಲ್ಲಿಗೆ ಹಚ್ಚುವ ಕಂದು ಟೇಪಿನ ಮಾತೇ ಬೇಡ. ಮಗು ಎದ್ದ ಕೂಡಲೇ, ಶೌಚಕ್ಕೆ ಹೋಗುವ ಮೊದಲು, ತೊಳೆಯುವ ಮೊದಲು ಮಾಡಬೇಕು. ಸುಮಾರು ಎಂಟು ಸೆಂ.ಮೀ. ತುಂಡನ್ನು ಅಂಟು ಹೊರಮುಖವಾಗಿ ಬೆರಳಿಗೆ ಸುತ್ತಿ, ಪೃಷ್ಠ ಅಗಲಿಸಿ, ಗುದದ ಅಂಚಿನ ಎಡಕ್ಕೂ ಬಲಕ್ಕೂ ಒತ್ತಿ ತೆಗೆಯಿರಿ. ಉಜ್ಜಬೇಡಿ, ಒಳಗೆ ತೂರಿಸಬೇಡಿ. ನಂತರ ಗಾಜಿನ ಸ್ಲೈಡಿನ ಮೇಲೆ ಗುಳ್ಳೆ ಏಳದಂತೆ ಅಂಟಿಸಿ. ಸ್ಲೈಡನ್ನು ಲ್ಯಾಬಿನಲ್ಲೇ ಕೇಳಿ ತನ್ನಿ, ಅದೇ ನೆಪದಲ್ಲಿ ಅವರು ಈ ಪರೀಕ್ಷೆ ನೋಡುತ್ತಾರೋ ಇಲ್ಲವೋ ವಿಚಾರಿಸಿ. ಕೈಯನ್ನು ಸೋಪಿನಿಂದ ಉಗುರಿನಡಿಯವರೆಗೆ ತೊಳೆಯಿರಿ.

ಒಂದೇ ಬೆಳಿಗ್ಗೆ ಮಾಡಿ ‘ಹುಳ ಇಲ್ಲ’ ಎಂದು ಬಿಡಬೇಡಿ. ಒಂದು ಸಲಕ್ಕೆ ಅರ್ಧದಷ್ಟು ಪ್ರಕರಣಗಳೇ ಸಿಗುತ್ತವೆ. ಸತತ ಮೂರು ಬೆಳಿಗ್ಗೆ ಮಾಡಿದರೆ ನೂರಕ್ಕೆ ತೊಂಬತ್ತರಷ್ಟು ಸಿಗುತ್ತವೆ. ಹಿಂದಿನ ರಾತ್ರಿ ತುರಿಕೆಗೆಂದು ಕೊಬ್ಬರಿ ಎಣ್ಣೆ, ಪೌಡರು ಹಚ್ಚಿದ್ದರೆ ಆ ದಿನದ ಟೇಪ್ ವ್ಯರ್ಥ, ಎಣ್ಣೆಗೆ ಅಂಟು ಹಿಡಿಯುವುದಿಲ್ಲ.

ಹಂತ 3: ಉಳಿದವಕ್ಕೆ ಮಲ ಪರೀಕ್ಷೆ

ದಿನ ಬಿಟ್ಟು ದಿನ ಮೂರು ಮಾದರಿ ಕೊಡಿ. ಮೂತ್ರ, ನೀರು ಬೆರೆಯದಂತೆ ಹಿಡಿದು, ಆದಷ್ಟು ಬೇಗ ಲ್ಯಾಬಿಗೆ ಮುಟ್ಟಿಸಿ.

ಹಂತ 4: ಔಷಧ

ಹುಳದ ಮಾತ್ರೆಯಾದ ಆಲ್ಬೆಂಡಜೋಲ್ ಎರಡು ವರ್ಷ ಮೇಲ್ಪಟ್ಟವರಿಗೆ 400 ಮಿ.ಗ್ರಾಂ., ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಅಂದರೆ 200 ಮಿ.ಗ್ರಾಂ. ಚೀಪಿ ಅಗಿಯಬೇಕು. ಚಿಕ್ಕ ಮಕ್ಕಳಿಗೆ ಪುಡಿಮಾಡಿ ನೀರಲ್ಲಿ ಕಲಸಿ ಕೊಡಿ, ಇಡೀ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಕೊಡುವುದೂ ಇದನ್ನೇ. ಸೂಜಿಹುಳಕ್ಕೆ ಒಂದು ಡೋಸು ಸಾಲದು. ಮಾತ್ರೆ ಬೆಳೆದ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಎರಡು ವಾರದ ಮೇಲೆ ಎರಡನೆಯದು ಬೇಕೇ ಬೇಕು. ಒಂದೇ ಖೋಲಿಯಲ್ಲಿ ಮಲಗುವ ಎಲ್ಲರೂ ವೈದ್ಯರನ್ನು ಕೇಳಿ ಒಂದೇ ದಿನ ತೆಗೆದುಕೊಳ್ಳಬೇಕು. ಗರ್ಭಿಣಿಯರು, ಯಕೃತ್ತಿನ ತೊಂದರೆಯವರು, ಫಿಟ್ಸ್ ಬರುವವರು ವೈದ್ಯರನ್ನು ಕಾಣದೆ ಮುಟ್ಟಬಾರದು. ಹಂದಿಯ ಲಾಡಿಹುಳದ ಗೂಡು ಮಿದುಳಲ್ಲಿದ್ದರೆ ಈ ಮಾತ್ರೆಯಿಂದಲೇ ಊತ ಹೆಚ್ಚಿ ಅಪಾಯವಾಗಬಹುದು.

ಮನೆಮದ್ದಿನ ಮಾತು

ಆಯುರ್ವೇದದಲ್ಲಿ ಕೃಮಿಗೆ ಮುಖ್ಯವಾಗಿ ಹೇಳಿದ್ದು ವಾಯುವಿಳಂಗ. ಕಾಷ್ಠೌಷಧಿ ಅಂಗಡಿಯಲ್ಲಿ ವಾವಡಿಂಗ್ ಎಂದು ಕೇಳಿ. ಕಾಳುಮೆಣಸಿನಷ್ಟು ದಪ್ಪದ, ಕೆಂಪುಗಪ್ಪು ಬಣ್ಣದ, ಗೆರೆಗೆರೆಯ ಕಾಳನ್ನು ಇಡಿಯಾಗಿ ಕೊಳ್ಳಿ. ಪುಡಿಯಲ್ಲಿ ಬೇರೆ ಕಾಡುಹಣ್ಣಿನ ಬೆರಕೆ ಗೊತ್ತಾಗುವುದಿಲ್ಲ. ಮುಂಬಯಿಯ ಮನೆಗಳಲ್ಲಿ ಕೂಸಿಗೆ ವಾವಡಿಂಗ್ ಕುದಿಸಿದ ನೀರು ಕುಡಿಸುವ ರೂಢಿಯಿದೆ. ಆರು ತಿಂಗಳಿನೊಳಗಿನ ಕೂಸಿಗೆ ಎದೆಹಾಲಲ್ಲದೆ ಬೇರೇನೂ ಬೇಡ. ದೊಡ್ಡವರಿಗೂ ಪ್ರಮಾಣವನ್ನು ಆಯುರ್ವೇದ ವೈದ್ಯರೇ ಹೇಳಲಿ, ಗರ್ಭಿಣಿಯರಿಗೆ, ಗರ್ಭ ನಿಲ್ಲಲೆಂದು ಕಾಯುತ್ತಿರುವವರಿಗೆ ಇದು ಸಲ್ಲ.

ಪಪ್ಪಾಯಿ ಬೀಜಕ್ಕೆ ಸ್ವಲ್ಪ ಆಧಾರವಿದೆ. ಒಣಬೀಜವನ್ನು ಜೇನಿನಲ್ಲಿ ಕಲಸಿ ನೈಜೀರಿಯಾದ 60 ಮಕ್ಕಳ ಮೇಲೆ ನೋಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಜ ತಿಂದ ಗುಂಪಿನಲ್ಲಿ ಬರಿ ಜೇನಿನ ಗುಂಪಿಗಿಂತ ಬಹಳ ಹೆಚ್ಚು ಮಕ್ಕಳ ಮಲ ಶುದ್ಧವಾಗಿತ್ತು. ಆದರೆ ಅಷ್ಟು ಚಿಕ್ಕ ಅಧ್ಯಯನ ನಂಬಿ ಮಾತ್ರೆ ಬಿಡಬಾರದು. ಕುಂಬಳಬೀಜ ಹುರಿದು ತಿನ್ನಿ, ಆಹಾರವಾಗಿ ಒಳ್ಳೆಯದು. ಬೇವಿನ ಎಣ್ಣೆಯನ್ನು ಮಾತ್ರ ಮಕ್ಕಳ ಬಾಯಿಗೆ ಹಾಕಲೇಬೇಡಿ. ಅದರಿಂದ ಕೂಸುಗಳಿಗೆ ವಾಂತಿ, ಫಿಟ್ಸ್ ಬಂದು ಜೀವಕ್ಕೇ ಕುತ್ತಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ತುರಿಕೆಗೆ ಬೆಳ್ಳುಳ್ಳಿ ಜಜ್ಜಿ ಹಚ್ಚಿದರೆ ಚರ್ಮ ಸುಡುತ್ತದೆ.

ನಿಜವಾದ ‘ನೈಸರ್ಗಿಕ’ ಚಿಕಿತ್ಸೆಯೆಂದರೆ ಮೊಟ್ಟೆಯ ದಾರಿ ಕಡಿಯುವುದು. ಮಾತ್ರೆ ತಿಂದ ಮರುದಿನದಿಂದ ಎರಡು ವಾರ ಮಗುವಿಗೆ ಎದ್ದ ತಕ್ಷಣ ಮೈತೊಳೆದು ಒಳಚಡ್ಡಿ ಬದಲಿಸಿ, ಉಗುರು ಕತ್ತರಿಸಿ. ಚಾದರ ಕೊಡವಬೇಡಿ, ಮೊಟ್ಟೆ ಗಾಳಿಗೆ ಹಾರಿ ಎಲ್ಲರ ಮೂಗು-ಬಾಯಿಗೆ ಹೋಗುತ್ತದೆ. ಮೆಲ್ಲಗೆ ಸುತ್ತಿ ಬಿಸಿನೀರಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಒಣಗಿದ ಮೇಲೆ ಬಿಸಿ ಇಸ್ತ್ರಿ ಆಡಿಸಿ. ನೆಲಕ್ಕೆ ಒಣ ಪೊರಕೆಯ ಬದಲು ಒದ್ದೆ ಬಟ್ಟೆ. ಸ್ಯಾನಿಟೈಸರ್ ನಂಬಬೇಡಿ, ಮೊಟ್ಟೆಗೆ ಅದು ತಾಗುವುದಿಲ್ಲ, ಸೋಪು-ನೀರೇ ಆಗಬೇಕು. ತರಕಾರಿ ತೊಳೆಯುವ ದುಬಾರಿ ದ್ರಾವಣವೂ ಬೇಡ. ರೈಲು ಹಳಿಯ ಬದಿ ಚರಂಡಿ ನೀರಲ್ಲಿ ಬೆಳೆದ ಪಾಲಕ್‌ ಆಗಲಿ, ಮೂಲಂಗಿ ಸೊಪ್ಪಾಗಲಿ, ಹರಿಯುವ ನೀರಲ್ಲಿ ಎಲೆಎಲೆಯಾಗಿ ತೊಳೆದು ಬೇಯಿಸಿಯೇ ತಿನ್ನಿ. ಕುಡಿಯುವ ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕೊತಕೊತ ಕುದಿಯಲಿ. ಕ್ಲೋರಿನ್ ಹನಿಗೆ ಜಿಯಾರ್ಡಿಯಾ ಸುಲಭವಾಗಿ ಬಗ್ಗುವುದಿಲ್ಲ.

ಹೊಟ್ಟೆ ಉಬ್ಬಿ ವಾಂತಿಯಾಗಿ ಮಲ, ಗಾಳಿ ನಿಂತರೆ ಹುಳಗಳು ಕರುಳು ಕಟ್ಟಿರಬಹುದು. ಆಗ ಮಾತ್ರೆ, ಕಷಾಯ ಎರಡೂ ಕೊಡದೆ ನೇರ ಆಸ್ಪತ್ರೆಗೆ ಒಯ್ಯಿರಿ. ಮಲದಲ್ಲಿ ರಕ್ತ, ಕಪ್ಪು ಮಲ, ಜ್ವರ, ಫಿಟ್ಸ್ ಕಂಡರೂ ಕಾಯಬೇಡಿ.